ಗೋಡೆಯ ಮೇಲಿನ ಮಡಕೆ

ಗೋಡೆಯ ಮೇಲೆ ಬೋರಲು ಹಾಕಿದ ಹೊಸ ಮಡಕೆ. ಆ ಊರು ನೆನಪಾದಾಗಲೆಲ್ಲ ನನಗೆ ಮೊದಲು ಕಾಣುವುದು ಅದೇ. ಪಕ್ಕದ ಮನೆಯ ದಾದಿ ಸಲೋಮಿಬಾಯಿ ದಿನಾ ಅದನ್ನು ತೊಳೆದು, ಎರಡು ಮನೆಗಳ ನಡುವಿನ ಮೋಟುಗೋಡೆಯ ಮೇಲೆ ಬಿಸಿಲಿಗಿಡುತ್ತಿದ್ದರು. ಒಲೆಗೆ ಮಾತ್ರ ಏರಿಸುತ್ತಿರಲಿಲ್ಲ. ಅಡುಗೆ ಮಾಡದ ಮಡಕೆಯನ್ನು ದಿನಾ ತೊಳೆಯುವವರುಂಟೇ?

"ಗಾಳ ಹಾಕಿ ಕೂತಿದಾಳೆ. ಅವರ ದೇವರಿಗೆ ಜನ ಬೇಕಲ್ಲ," ಎನ್ನುತ್ತಿದ್ದರು ನಮ್ಮತ್ತೆ ತುಂಗಮ್ಮ. ನನಗೂ ಅನುಮಾನವೇ. "ಊಟ ಆಯ್ತೇನಮ್ಮ?" ಎಂದು ಆಕೆ ಗೋಡೆಯಾಚೆಯಿಂದ ಕೇಳಿದರೆ, ಇದರ ಹಿಂದೆ ಏನು ಮಸಲತ್ತೋ ಎಂದುಕೊಂಡು ಹೂಂಗುಟ್ಟಿ ಒಳಗೆ ಬಂದುಬಿಡುತ್ತಿದ್ದೆ.

ನನಗೆ ಹೆರಿಗೆಯಾದ ವಾರದಲ್ಲೇ ಅತ್ತೆ ಬಚ್ಚಲಲ್ಲಿ ಜಾರಿ ಬಲಗೈ ಉಳುಕಿಸಿಕೊಂಡರು. ನನ್ನವರು ಕೆಲಸದ ಮೇಲೆ ದೂರದೂರಿಗೆ ಹೋಗಿದ್ದರು. ಬಾಣಂತಿ ಅಡುಗೆಮನೆಗೆ ಕಾಲಿಡುವಂತಿಲ್ಲ. ನಮ್ಮವರ ಮನೆಗಳೇನೋ ಬೀದಿ ತುಂಬ ಇದ್ದವು, ಆದರೆ ಅತ್ತೆ ಜಗಳವಾಡದೆ ಉಳಿಸಿದ ಮನೆ ಒಂದೂ ಇರಲಿಲ್ಲ. ಬಾಳೆಹಣ್ಣು, ಹಾಲಿನಲ್ಲೇ ದಿನ ದೂಡಿದೆವು. ನನ್ನ ಎದೆಹಾಲು ಬತ್ತತೊಡಗಿತು. ಮಗು ಅತ್ತು ಅತ್ತು ದನಿ ಕಳೆದುಕೊಂಡಿತ್ತು.

ಆಗ ಸಲೋಮಿಬಾಯಿ ಆ ಮಡಕೆ ಹಿಡಿದು ಹೊಸಿಲ ಬಳಿ ಬಂದರು. "ಬಂದಳು ನೋಡು, ಸಮಯ ಕಾದು," ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಇದು ನಮ್ಮ ಒಲೆ ಏರಿಲ್ಲಮ್ಮ," ಎಂದರು ಸಲೋಮಿಬಾಯಿ. "ಅಕ್ಕಿ, ಬೇಳೆ ಅಂಗಡಿಯಿಂದ ನೇರ ತಂದಿದ್ದು. ನೀವು ಒಂದು ಕೈಯಲ್ಲಿ ಒಲೆ ಮೇಲೆ ಇಟ್ಕೊಳಿ, ನಾನು ಸೌದೆ ಸೀಳಿಕೊಟ್ಟು ಹೋಗ್ತೀನಿ."

"ಈ ಮಡಕೆ ಯಾರಿಗೆ ಅಂತ ಇಟ್ಟಿದ್ದೆ?"

"ನಮ್ಮ ಪಾತ್ರೇಲಿ ಉಣ್ಣದವರು ಬಂದ್ರೆ ಅವರೇ ಬೇಯಿಸಿಕೊಳ್ಳಲಿ ಅಂತ. ನಮ್ಮತ್ತೆ ಕಾಲದಿಂದ ಹೀಗೇ. ಬಂದವರು ಹಸಿದು ಹೋಗಬಾರದಲ್ಲ."

"ಎಷ್ಟು ಜನ ಬಂದ್ರು?"

"ಯಾರೂ ಬರಲಿಲ್ಲಮ್ಮ."

ಕೋಣೆಯಲ್ಲಿ ಮಲಗಿದ್ದ ನನಗೆ ಸಂಕಟವಾಯಿತು. ಆದರೂ ಅನುಮಾನ ಬಿಡಲಿಲ್ಲ. ಹಾಳು ಹೊಟ್ಟೆ ಹಸಿದಾಗಲೂ ಅದು ಬಿಡುವುದಿಲ್ಲ. ಅತ್ತೆಗಂತೂ ಇನ್ನೂ ಹೆಚ್ಚು. "ಉಂಡ ಮೇಲೆ ಪ್ರಾರ್ಥನೆಗೆ ಬನ್ನಿ ಅಂತೀಯೋ?"

"ನಮ್ಮ ಪ್ರಾರ್ಥನೆ ಹೊತ್ತಲ್ಲಿ ಬಾಗಿಲು ತೆಗೆದೇ ಇರುತ್ತೆ. ಬಂದ್ರೆ ಸಂತೋಷ. ಬರದಿದ್ರೂ ಕೂಸಿಗೆ ಹಾಲು ಬೇಕಲ್ಲ?"

ಮಗು ಮತ್ತೆ ಅಳಲು ನೋಡಿತು, ದನಿ ಹೊರಡಲಿಲ್ಲ. ಅತ್ತೆ ನನ್ನ ಕಡೆ ನೋಡಿದರು, ತಮ್ಮ ಬಾತಿದ ಕೈ ನೋಡಿಕೊಂಡರು. ಆಮೇಲೆ ಬಾಗಿಲು ಬಿಟ್ಟು ಸರಿದರು.

"ಒಳಗೆ ಬಾ. ನೀನೇ ಬೇಯಿಸು. ಬಾಣಂತಿಗೆ ಮೆಣಸು ಸ್ವಲ್ಪ ಮುಂದಾಗಿರಲಿ."

ಬಿಸಿ ಅನ್ನ ಎಲೆಗೆ ಬಿದ್ದಾಗ ಸಲೋಮಿಬಾಯಿ ಗೋಡೆಗೆ ಒರಗಿ ತುಟಿ ಅಲುಗಿಸುತ್ತಿದ್ದರು. ಅತ್ತೆ ತುತ್ತು ಎತ್ತಲಿಲ್ಲ.

"ಒಳಗೊಳಗೇ ಏನು ಗೊಣಗ್ತೀಯ? ಕೇಳೋ ಹಾಗೆ ಹೇಳು. ಅನ್ನ ಆರುತ್ತೆ."

ಸಲೋಮಿಬಾಯಿ ಒಂದು ಕ್ಷಣ ಅಳುಕಿದರು. "ತಂದೆಯೇ, ಈ ಅನ್ನಕ್ಕಾಗಿ ನಿನಗೆ ಸ್ತೋತ್ರ. ಈ ತಾಯಿಗೆ ಹಾಲು ಕೊಡು. ಅಮ್ಮನ ಕೈ ವಾಸಿಮಾಡು," ಎಂದರು. ತಮ್ಮ ಮಾತೂ ಬಂದಿದ್ದಕ್ಕೆ ಅತ್ತೆ ಮುಖ ಆಚೆ ತಿರುಗಿಸಿಕೊಂಡರು. ಎಡಗೈಯಲ್ಲಿ ಉಣ್ಣಲಾಗದೆ ತಡವರಿಸುತ್ತಿದ್ದವರಿಗೆ ಸಲೋಮಿಬಾಯಿಯೇ ಕಲಸಿ ತುತ್ತು ಕೊಟ್ಟರು. ಅತ್ತೆ ಬಾಯಿ ತೆರೆದರು.

ಮರುದಿನ ಹೊತ್ತು ಮೂಡುವ ಮುಂಚೆ ನನ್ನ ಎದೆ ಹಾಲಿನಿಂದ ಒದ್ದೆಯಾಗಿತ್ತು. ಸಲೋಮಿಬಾಯಿ ಮಡಕೆಯ ಮಸಿ ಉಜ್ಜಲು ಬೂದಿ ಕೇಳಿದರೆ ಅತ್ತೆ ಕೊಡಲಿಲ್ಲ.

"ಹಾಗೇ ಇರಲಿ. ಬೀದಿಗೆ ಕಾಣಲಿ."

ಎಡಗೈಯಲ್ಲಿ ತಾವೇ ಅದನ್ನು ಒಯ್ದು, ಕಪ್ಪಾದ ತಳ ಮೇಲಾಗಿ, ಗೋಡೆಯ ಮೇಲೆ ಬೋರಲು ಹಾಕಿ ಬಂದರು.