ಲೈನಿನ ಬುಡದ ಮರಗಳು

ಭಾನುವಾರ ಬಂತೆಂದರೆ ಪ್ರಕಾಶನ ಫೋನಿಗೆ ಪುರುಸೊತ್ತಿಲ್ಲ. ಬಸರೀಕಟ್ಟೆಯಿಂದ ಹಿಡಿದು ಅತ್ತ ಶೃಂಗೇರಿ, ಇತ್ತ ಎನ್.ಆರ್.ಪುರದ ತನಕ ಅಡಿಕೆ ಬೆಳೆದವರಿಗೆಲ್ಲ ಅವನೇ ಬೇಕು. ಮರ ಹತ್ತುತ್ತಿದ್ದವರು ಮುದುಕರಾದರು, ಹೊಸಬರು ಹತ್ತಲೊಲ್ಲರು. ನೆಲದ ಮೇಲೆ ನಿಂತೇ ಐವತ್ತಡಿ ಮೇಲಿನ ಗೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ, ಅದನ್ನು ಸರಿಯಾಗಿ ಹಿಡಿಯಬಲ್ಲವರು ಊರಿಗೊಬ್ಬರಿದ್ದರೆ ಹೆಚ್ಚು. ಪ್ರಕಾಶ ಕೊಪ್ಪದ ಕಾಲೇಜಿನಲ್ಲಿ ಮೂರನೇ ವರ್ಷದ ಬಿ.ಕಾಂ., ತಂಗಿ ಕುಸುಮಾ ಅಲ್ಲೇ ಮೊದಲ ವರ್ಷ. ಅಮ್ಮ ಸೀತಕ್ಕನ ಎಸ್ಟೇಟ್ ಕೂಲಿ ಅಕ್ಕಿ ಸಾಮಾನಿಗೇ ಮುಗಿಯುತ್ತದೆ. ಫೀಸು, ಬಸ್ ಪಾಸು, ಪುಸ್ತಕ ಎಲ್ಲವೂ ದೋಟಿಯ ತುದಿಯಿಂದಲೇ ಉದುರಬೇಕು. ಎರಡು ರಜೆ ಪೂರ್ತಿ ಮೈಮುರಿದು ದುಡಿದು ಅವನು ಕೊಂಡ ದೋಟಿ ಅದು. ಬೀಳುವ ಗೊನೆಗೆ ಬಲೆ ಹಾಸುವುದು, ಚೆದುರಿದ ಅಡಿಕೆ ಹೆಕ್ಕುವುದು ಕುಸುಮಾಳ ಕೆಲಸ.

ಆ ದೋಟಿಗೆ ಒಂದೇ ಒಂದು ಕೆಟ್ಟ ಗುಣ. ನೋಡಲು ಪ್ಲಾಸ್ಟಿಕ್ಕಿನ ಹಾಗಿದ್ದರೂ ಕರೆಂಟು ಅದರೊಳಗೆ ಸಲೀಸಾಗಿ ಹರಿಯುತ್ತದೆ. ಮಾರಿದ ಅಂಗಡಿಯವನು ಮೂರು ಸಲ ಹೇಳಿ ಕಳಿಸಿದ್ದ. ಹಾಗಾಗಿ ತೋಟದ ಮೇಲೆ ಲೈನ್ ಹಾದುಹೋಗಿದ್ದರೆ ಮೊದಲು ಮನೆಯವರು ಲೈನ್‌ಮ್ಯಾನಿಗೆ ಫೋನ್ ಮಾಡಬೇಕು, ಅವನು ಕರೆಂಟ್ ತೆಗೆದೆ ಎನ್ನಬೇಕು, ಆಮೇಲೆ ದೋಟಿ ಎತ್ತಬೇಕು. ಇದು ಪ್ರಕಾಶನ ಕಟ್ಟುನಿಟ್ಟು. ಕೇಳಿಕೊಂಡು ಬರಬೇಕಾದವಳು ಕುಸುಮಾ.

ಆ ಭಾನುವಾರ ಸೋಮಶೇಖರಪ್ಪ ಗೌಡರ ತೋಟ. ಬೆಳಗ್ಗೆ ಕುಸುಮಾ ತೋಟದ ಅಂಚಿನ ಕಡಿದಾದ ದರೆ ಹತ್ತಿ ಗೌಡರ ಮನೆಗೆ ಹೋದಳು. ಜಗಲಿಯಲ್ಲಿ ಯಾರೂ ಇರಲಿಲ್ಲ. ‘ಅಮ್ಮಾ’ ಎಂದು ಒಮ್ಮೆ ಮೆಲ್ಲಗೆ ಕರೆದಳು. ಬಚ್ಚಲ ಕಡೆಯಿಂದ ನೀರಿನ ಸದ್ದು ಬಿಟ್ಟರೆ ಉತ್ತರವಿಲ್ಲ. ಒಳಗೆ ಹೊಕ್ಕು ಗಟ್ಟಿಯಾಗಿ ಕೂಗುವ ಧೈರ್ಯ ಅವಳ ಮನೆಯಲ್ಲಿ ಯಾರಿಗೂ ಇಲ್ಲ. ಸೀತಕ್ಕ ಇಂಥ ಮನೆಗಳ ಅಂಗಳದಲ್ಲೇ ನಿಂತು ಮೂವತ್ತು ವರ್ಷ ಮಾತಾಡಿದವಳು. ಕುಸುಮಾ ಜಗಲಿಯ ಸ್ವಿಚ್ ಅದುಮಿದಳು. ಬಲ್ಬು ಹತ್ತಲಿಲ್ಲ. ಇನ್ನೇನು ಕೇಳುವುದು ಎಂದುಕೊಂಡು ಇಳಿದುಬಂದು, ‘ತೆಗ್ದಿದಾರಂತೆ’ ಎಂದಳು.

ಅಂತೆ! ಯಾರು ಹೇಳಿದ್ದರು ಅವಳಿಗೆ? ನಮ್ಮ ಕಡೆ ಕರೆಂಟು ಹೋಗಲು ಯಾರಾದರೂ ತೆಗೆಯಲೇಬೇಕೆಂದು ಉಂಟೇ? ಕಾಡೊಳಗೆ ಒಂದು ಕೊಂಬೆ ಅಲುಗಿದರೆ ಹೋಗುತ್ತದೆ, ತನಗೆ ಬೇಕಾದಾಗ ಬರುತ್ತದೆ. ದಿನವೂ ಅದಕ್ಕೆ ಶಾಪ ಹಾಕುತ್ತ ಬೆಳೆದ ಹುಡುಗಿಗೆ ಆ ಹೊತ್ತಿನಲ್ಲಿ ಮಾತ್ರ ಅದು ಹೊಳೆಯಲಿಲ್ಲ.

ಹನ್ನೊಂದೂವರೆಗೆ ಮಜ್ಜಿಗೆ ತರಲು ಮತ್ತೆ ಮನೆಗೆ ಹೋದಳು. ಗೌಡರ ಹೆಂಡತಿ ಶೇಷಮ್ಮ ತಂಬಿಗೆ ತುಂಬಿಸುತ್ತ ಗೊಣಗಿದರು.

‘ಬೆಳಗಾಗೋಕ್ ಮುಂಚೆನೇ ಹೋದ ಕರೆಂಟು ಕಣೇ. ದೋಸೆಗೆ ರುಬ್ಬಕ್ಕೂ ಆಗ್ಲಿಲ್ಲ.’

‘ಲೈನ್‌ಮ್ಯಾನ್ ತೆಗ್ದಿದ್ದಲ್ವ ಅಮ್ಮ?’

‘ಅವ್ನೆಂತಕ್ಕೆ ತೆಗೀತಾನೆ? ಗೌಡ್ರು ಫೋನೇ ಮಾಡ್ಲಿಲ್ಲ. ಹೆಂಗೂ ಹೋಗಿದ್ಯಲ್ಲ, ಸುಮ್ನೆ ಅವ್ನಿಗ್ಯಾಕೆ ತೊಂದ್ರೆ ಅಂದ್ರು. ಮಧ್ಯಾಹ್ನದೊಳ್ಗೆ ಬರಬೋದು.’

ಕುಸುಮಾ ತಂಬಿಗೆ ಅಲ್ಲೇ ಬಿಟ್ಟು ಓಡಿದಳು. ದರೆ ಇಳಿಯುವಾಗ ಕಾಲು ಜಾರಿ ಮೊಣಕಾಲು ತರಚಿತು, ಎದ್ದು ಮತ್ತೆ ಓಡಿದಳು. ದೇವರೇ, ಈಗ ಬರದಿರಲಿ, ಇನ್ನೊಂದು ಗಳಿಗೆ ಬರದಿರಲಿ ಎಂದು ಬಾಯಿ ತಾನಾಗಿ ಬೇಡುತ್ತಿತ್ತು.

ಪ್ರಕಾಶ ಕಾಲು ಅಗಲಿಸಿ ನಿಂತು ದೋಟಿಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಮೇಲೆ ಅದರ ತುದಿಯ ಕತ್ತಿ ಗೊನೆಯಲ್ಲಿ ಸಿಕ್ಕಿಕೊಂಡಿತ್ತು. ದೋಟಿ ಬಾಗಿ ತಂತಿಗೆ ಒರಗಿತ್ತು. ಅವನ ಬರಿಗಾಲು ಒದ್ದೆ ಮಣ್ಣಿನಲ್ಲಿತ್ತು.

ಹೋಗಿ ಅವನನ್ನು ಎಳೆದುಬಿಡೋಣವೆಂದರೆ ಮುಟ್ಟಿದ ಕ್ಷಣಕ್ಕೇ ಬಂದರೆ ಇಬ್ಬರೂ ಹೋದಂತೆ. ಕುಸುಮಾ ಹತ್ತು ಮಾರು ದೂರದಲ್ಲೇ ನಿಂತಳು.

‘ಅಣ್ಣ, ದೋಟಿ ಬಿಡು.’

‘ಬಿಟ್ರೆ ಬಿದ್ದು ಮುರಿಯುತ್ತೆ ಮಾರಾಯ್ತಿ. ಕತ್ತಿ ಸಿಕ್ಕಂಡಿದೆ, ತಡಿ.’

‘ಕರೆಂಟ್ ತೆಗ್ದಿಲ್ಲ. ಬಿಡು ಅಣ್ಣ.’

‘ತೆಗ್ದಿಲ್ದೆ ಇದ್ರೆ ನಾನು ಇಷ್ಟೊತ್ತಿಗೆ ಕರಕಲಾಗ್ತಿದ್ದೆ. ನೀನೇ ಕೇಳ್ಕಂಡ್ ಬಂದ್ಯಲ್ಲ’ ಎಂದು ನಗುತ್ತ ಇನ್ನೊಮ್ಮೆ ಜಗ್ಗಿದ. ತಂತಿ ತೂಗಾಡಿತು.

ಅಣ್ಣ ಅವಳನ್ನು ಇದುವರೆಗೆ ಒಂದು ದಿನವೂ ಅನುಮಾನಿಸಿರಲಿಲ್ಲ.

‘ನಾ ಕೇಳ್ಲೇ ಇಲ್ಲ’ ಎಂದಳು. ‘ಯಾರೂ ಹೊರಗಿರ್ಲಿಲ್ಲ. ಸ್ವಿಚ್ ಹಾಕಿ ನೋಡಿ ಬಂದು ನಿಂಗೆ ಸುಳ್ಳು ಹೇಳ್ದೆ. ಅದು ಹಂಗೇ ಹೋಗಿರೋ ಕರೆಂಟು.’

ಪ್ರಕಾಶನ ಮುಖದ ನಗು ಅಲ್ಲೇ ನಿಂತಿತು. ಬೆರಳುಗಳು ಬಿಟ್ಟುಕೊಂಡವು. ದೋಟಿ ಬೀಳಲಿಲ್ಲ, ಗೊನೆಗೂ ತಂತಿಗೂ ಒರಗಿಕೊಂಡೇ ಉಳಿಯಿತು. ಅವನು ಹಿಂದೆ ಹಿಂದೆ ಹೆಜ್ಜೆಯಿಟ್ಟು ತಂಗಿಯ ಪಕ್ಕಕ್ಕೆ ಬಂದ.

ಇಬ್ಬರೂ ಕಾದರು. ಒಂದು ನಿಮಿಷವಾಯಿತು, ಮೂರಾಯಿತು. ತೋಟದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಭಯಕ್ಕೂ ಒಂದು ಅವಧಿ ಇರುತ್ತದೋ ಏನೋ, ಐದನೇ ನಿಮಿಷಕ್ಕೆ ಪ್ರಕಾಶನಿಗೆ ಜೀವಕ್ಕಿಂತ ದೋಟಿಯ ಚಿಂತೆ ದೊಡ್ಡದಾಯಿತು.

‘ಇಷ್ಟೊತ್ತು ಬರ್ದಿದ್ದು ಈಗ್ಲೇ ಬರುತ್ತಾ? ಒಂದೇ ಜಗ್ಗು, ಬಿಡಿಸ್ಕಂಡ್ ಬಂದ್ಬಿಡ್ತೀನಿ.’

‘ಹೋಗ್ಬೇಡ. ಗೌಡ್ರಿಗೆ ಹೇಳಿ ಫೋನ್ ಮಾಡ್ಸಣ.’

‘ದೋಟಿ ಹೋದ್ರೆ ಮುಂದಿನ್ ವಾರದಿಂದ ಎಂತ ಮಾಡದು? ನಿನ್ ಪರೀಕ್ಷೆ ಫೀಸು ಯಾರಪ್ಪ ಕೊಡ್ತಾನೆ?’

ಅವನು ಹೊರಟೇಬಿಟ್ಟ. ಕುಸುಮಾ ಹಿಂದಿನಿಂದ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ನೆಲಕ್ಕೆ ಕುಕ್ಕರಿಸಿದಳು. ಅವನು ಎಳೆದ. ಅವಳು ಒಣ ಸೋಗೆಯ ಮೇಲೆ ದರದರ ಜಾರುತ್ತ ಹೋದಳೇ ಹೊರತು ಬಿಡಲಿಲ್ಲ. ಅಂಗಿಯ ಹೊಲಿಗೆ ಪರ್ರನೆ ಬಿಚ್ಚಿತು. ‘ಬಿಡೇ ಹುಚ್ಚಿ’ ಎಂದು ಅವನು ಬೈದ. ದೋಟಿಗೆ ಇನ್ನು ಆರು ಮಾರು ಉಳಿದಿತ್ತು.

ಆಗ ಬಂತು.

ತೋಟವೆಲ್ಲ ನೀಲಿಯಾಯಿತು. ಗುಂಡು ಹೊಡೆದಂಥ ಸದ್ದಿಗೆ ಇಬ್ಬರೂ ಮುಖ ಅಡಿಯಾಗಿ ಬಿದ್ದರು. ದೋಟಿ ನಡುವಿನಲ್ಲಿ ಸೀಳಿ ಹೊತ್ತಿಕೊಂಡಿತು, ಉರಿಯುವ ಎಳೆಗಳು ಅಡಿಕೆಯ ಮೇಲೆ ಉದುರಿದವು. ದೋಟಿಯ ಬುಡ ಊರಿದ್ದಲ್ಲಿ, ಈಗಷ್ಟೇ ಅವನು ನಿಂತಿದ್ದ ಜಾಗದಲ್ಲಿ, ಮಣ್ಣು ಕಪ್ಪಾಗಿ ಹೊಗೆಯಾಡುತ್ತಿತ್ತು.

ಸೋಮಶೇಖರಪ್ಪ ಗೌಡರು ಪಂಚೆ ಎತ್ತಿಕೊಂಡು ಓಡಿಬಂದರು. ಮಕ್ಕಳಿಬ್ಬರೂ ಉಸಿರಾಡುತ್ತಿರುವುದನ್ನು ನೋಡಿ, ‘ನಾನೊಂದು ಫೋನ್ ಮಾಡ್ಬೇಕಿತ್ತು ಮಾರಾಯ’ ಎಂದು ತಲೆಮೇಲೆ ಕೈ ಹೊತ್ತು ಅಲ್ಲೇ ಕೂತರು.

ಬೈಗುಳ ಬರುತ್ತದೆ ಎಂದು ಕುಸುಮಾ ಕಾದಳು. ಪ್ರಕಾಶ ಬೈಯಲಿಲ್ಲ. ಬೇರೆ ಯಾರದೋ ದನಿಯಲ್ಲಿ ಕೇಳಿದ.

‘ಬೆಳಗ್ಗಿಂದ ಲೈನಿನ್ ಬುಡದ್ದು ಎಷ್ಟು ಮರ ಕೊಯ್ದೆ ನಾನು?’

‘ಹನ್ನೊಂದು.’

ಅವನು ತಲೆಯೆತ್ತಿ ಆ ಹನ್ನೊಂದು ಮರಗಳನ್ನೂ ಒಂದೊಂದಾಗಿ ನೋಡಿದ. ಕುಸುಮಾಳ ಮುಷ್ಟಿ ಇನ್ನೂ ಅವನ ಹರಿದ ಅಂಗಿಯಲ್ಲೇ ಇತ್ತು. ಅದನ್ನು ಬಿಡಿಸಲು ಅವಳಿಗೆ ಆಗಲಿಲ್ಲ, ಬಿಡು ಎಂದು ಅವನೂ ಹೇಳಲಿಲ್ಲ.