ಚಿರೇಕಲ್ಲಿನ ಮೇಲೆ ನಿಂತ ಗಾಡಿ

ಹುಸೇನಬಿಗೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು.

ಕನಸಿನಲ್ಲಿ ಚೋರ್ಲಾ ಘಾಟಿನ ಮಂಜು. ಆ ಮಂಜಿನೊಳಗೆ ಅವರ ಬೂದು ಬಣ್ಣದ ಗಾಡಿ ಸದ್ದಿಲ್ಲದೆ ಇಳಿಯುತ್ತಿದೆ. ಹಿಂದಿನ ಸೀಟಿನಲ್ಲಿ ಮಗಳು ಕೈನಾತ, ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಾಳೆ. ಮುಂದೆ ಗಂಡ ರಾಜೇಸಾಬ ಬ್ರೇಕ್ ಒತ್ತುತ್ತಾನೆ. ಕಾಲು ಕೆಳಗೆ ಹೋಗುತ್ತದೆ, ಇನ್ನೂ ಕೆಳಗೆ ಹೋಗುತ್ತದೆ, ತಳವೇ ಸಿಗುವುದಿಲ್ಲ. ಗಾಡಿ ದೋಣಿಯ ಹಾಗೆ ತೇಲುತ್ತ ತೇಲುತ್ತ ಬಿಳಿ ಬಯಲಿನೊಳಗೆ ಹೋಗಿಬಿಡುತ್ತದೆ.

ಎಚ್ಚರವಾದರೆ ಗೋವಾದ ಕೊರ್ತಾಲಿಮ್‌ನ ಬೆಳಗು. ಜುವಾರಿ ಹೊಳೆಯ ಮೇಲಿನ ಹೊಸ ಸೇತುವೆ ಅರ್ಧ ಮಂಜಿನಲ್ಲಿ, ಅರ್ಧ ಆಕಾಶದಲ್ಲಿ. ಅದರ ಮೇಲೆ ಹೋಗುವ ಲಾರಿಗಳು ಯಾವುದಕ್ಕೂ ತಾಗದೆ ಗಾಳಿಯಲ್ಲೇ ನಡೆಯುತ್ತಿರುವಂತೆ ಕಾಣುತ್ತಿದ್ದವು. ಕನಸು ಎಲ್ಲಿ ಮುಗಿಯಿತು, ಬೆಳಗು ಎಲ್ಲಿ ಶುರುವಾಯಿತು ಎಂದು ಹುಸೇನಬಿಗೆ ತುಸು ಹೊತ್ತು ತಿಳಿಯುತ್ತಿರಲಿಲ್ಲ.

ಆದರೆ ಕನಸು ಸುಮ್ಮನೆ ಬಿದ್ದದ್ದಲ್ಲ. ಮಳೆಗಾಲದ ಕೊನೆಯಲ್ಲಿ ಗಂಡ ಹೆಂಡತಿ ಬೆಳಗಾವಿಯಲ್ಲಿರುವ ಮಗಳನ್ನು ನೋಡಿ ಬರುವಾಗ, ಘಾಟು ಇಳಿಯುತ್ತ ಇಳಿಯುತ್ತ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬಂದಿತ್ತು. ಬ್ರೇಕ್ ಮೆತ್ತಗಾಗಿತ್ತು. ರಾಜೇಸಾಬ ಗಾಡಿಯನ್ನು ಬದಿಗೆ ನಿಲ್ಲಿಸಿ, "ಏನಿಲ್ಲ, ಸ್ವಲ್ಪ ಕಾದೈತಿ" ಎಂದಿದ್ದ. ಅವನ ಹಣೆಯ ಬೆವರನ್ನು ಹುಸೇನಬಿ ನೋಡಿದ್ದಳು. ಈಗ ಕೈನಾತಳಿಗೆ ಏಳು ತಿಂಗಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಮುಂದಿನ ವಾರ ಅವಳನ್ನು ಅದೇ ಘಾಟಿನಿಂದ, ಅದೇ ಗಾಡಿಯಲ್ಲಿ ಕರೆತರಬೇಕು.

ಊರ ಗ್ಯಾರೇಜಿನ ಸುನಿಲ ಗಾಡಿ ನೋಡಿ, ಹಿಡಿತ ಗಟ್ಟಿಯಾಗಲು ದೊಡ್ಡ ಕ್ಯಾಲಿಪರ್ ಹಾಕುವ ದಾರಿ ಹೇಳಿದ್ದ. ಚಕ್ರದ ಒಳಗೆ ಒಂದು ಕಬ್ಬಿಣದ ತಟ್ಟೆ ತಿರುಗುತ್ತದೆ. ಬ್ರೇಕ್ ಒತ್ತಿದಾಗ ಆ ತಟ್ಟೆಯನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ಮುಷ್ಟಿಯೇ ಕ್ಯಾಲಿಪರ್. ಅದೇ ಕಂಪನಿಯ ದೊಡ್ಡ ಗಾಡಿಗೆ ಬರುವ ಕ್ಯಾಲಿಪರ್, ತಟ್ಟೆ, ತಟ್ಟೆಗೆ ಉಜ್ಜುವ ಪ್ಯಾಡುಗಳು ಈ ಗಾಡಿಗೂ ಹೊಂದುತ್ತವೆ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡೇ ತರಿಸಿಕೊಟ್ಟಿದ್ದ.

"ಏನ್ರಿ, ಗ್ಯಾರೇಜಿಗೇ ಬಿಡೂಣಲ್ಲ? ಸುನಿಲ ಮಾಡಿಕೊಡ್ತೀನಿ ಅಂದಾನ" ಎಂದಳು ಹುಸೇನಬಿ, ಭಾನುವಾರ ಬೆಳಿಗ್ಗೆ ಚಹಾ ಕೊಡುತ್ತ.

"ಅಂವ ಮಾಡ್ತಾನ, ನಾ ಎಲ್ಲಿ ಇಲ್ಲ ಅಂದೆ? ಆದ್ರ ನನ್ನ ಮಗಳು ಬರೂ ಗಾಡಿ ಅದು. ನನ್ನ ಕೈಲೇ ಆಗಬೇಕು. ನಿನ್ನ ಒಲಿಕಟ್ಟಿ ಯಾರು ಕಟ್ಟಿದ್ರು? ನಾನ ಅಲ್ಲೇನು?"

"ಒಲಿಕಟ್ಟಿ ಘಾಟಿನಾಗ ಓಡಂಗಿಲ್ರಿ."

ರಾಜೇಸಾಬ ನಕ್ಕು ಅಂಗಳಕ್ಕೆ ಇಳಿದ.

ಅವನು ಕಲ್ಲು ಕಟ್ಟುವ ಮೇಸ್ತ್ರಿ. ಗೋವಾದ ಕೆಂಪು ಚಿರೇಕಲ್ಲು ಅವನ ಕೈಯಲ್ಲಿ ಬೆಲ್ಲದಚ್ಚಿನಂತೆ ಹೊರಳುತ್ತಿತ್ತು. ಅಂಗಳದ ಮೂಲೆಯಲ್ಲಿ ಉಳಿದ ಕಲ್ಲುಗಳ ರಾಶಿಯೇ ಇತ್ತು, ಮಳೆ ಕುಡಿದು ಕಡುಗೆಂಪಾದದ್ದು. ಅವನು ಜಾಕ್ ಕೊಟ್ಟು ಗಾಡಿಯ ಮುಂಭಾಗವನ್ನು ಒಂದೊಂದೇ ಬದಿ ಎತ್ತಿದ. ಕೆಳಗೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಗಾಡಿಯನ್ನು ಅದರ ಮೇಲೆ ಕೂರಿಸಿದ. ಮುಂದಿನ ಎರಡೂ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ.

ಚಕ್ರವಿಲ್ಲದ ಗಾಡಿ, ಬೆಳಗಿನ ತೆಳು ಮಂಜಿನಲ್ಲಿ, ಕೆಂಪು ಕಾಲುಗಳ ಮೇಲೆ ನಿಂತಿತ್ತು. ಹುಸೇನಬಿಗೆ ತನ್ನ ಕನಸೇ ಅಂಗಳಕ್ಕೆ ಬಂದು ನಿಂತಂತೆ ಕಂಡಿತು. ಈಗ ತೇಲಿಬಿಡುತ್ತದೆ ಎನ್ನಿಸಿತು.

ರಾಜೇಸಾಬ ನೆಲಕ್ಕೆ ಗೋಣಿಚೀಲ ಹಾಸಿದ. ಒಳಗಿನ ಬ್ರೇಕ್ ಪೈಪ್ ಎಲ್ಲಿ ಹಾದುಹೋಗಿದೆ ಎಂದು ನೋಡಲು ಅಂಗಾತ ಮಲಗಿ, ಗಾಡಿಯಡಿ ಸರಿಯಲು ಕಾಲು ಮಡಚಿದ.

"ರಾಜೇಸಾಬಣ್ಣ, ಅಲ್ಲೇ ಇರ್ರಿ! ಒಳಗ ಹೋಗಬ್ಯಾಡ್ರಿ!"

ಗೇಟಿನಲ್ಲಿ ಶ್ರೀರಂಜನಿ ನಿಂತಿದ್ದಳು. ಧಾರವಾಡದವಳು, ಓಣಿಯ ಆಚೆ ಮನೆ. ತಾಂತ್ರಿಕ ತರಬೇತಿ ಶಾಲೆಯಲ್ಲಿ ಹುಡುಗರಿಗೆ ಗಾಡಿ ರಿಪೇರಿ ಕಲಿಸುತ್ತಿದ್ದಳು. ಹುಸೇನಬಿಯ ಡಬ್ಬಿ ಮರಳಿಸಲು, ಖಾಲಿ ಕೊಡಬಾರದೆಂದು ಚೂಡಾ ತುಂಬಿಕೊಂಡು ಬಂದಿದ್ದಳು.

ರಾಜೇಸಾಬ ಮಲಗಿದಲ್ಲಿಂದಲೇ ತಲೆ ಎತ್ತಿದ. "ಏನಾತ್ರಿ ಅಕ್ಕೋರ? ಹಾವು ಬಂತೇನು?"

"ಹಾವಾದ್ರ ಓಡಿ ಹೋಗ್ಬಹುದು. ಆ ಕಲ್ಲಿನ ಮ್ಯಾಲ ಗಾಡಿ ಇಟ್ಟು ಕೆಳಗ ಹೋಗ್ತಾರೇನ್ರಿ ಯಾರರೆ? ಕಬ್ಬಿಣದ ಸ್ಟ್ಯಾಂಡ್ ಎಲ್ಲಿ?"

"ಸ್ಟ್ಯಾಂಡ್ ಯಾಕ್ರಿ? ಇಡೀ ಗೋವಾ ಇದ ಕಲ್ಲಿನ ಮ್ಯಾಲ ನಿಂತೈತಿ. ಗುಡಿ ನಿಂತೈತಿ, ಇಗರ್ಜಿ ನಿಂತೈತಿ, ನಮ್ಮ ಮಸೀದಿ ನಿಂತೈತಿ. ಈ ಡಬ್ಬಾ ಗಾಡಿ ನಿಲ್ಲಂಗಿಲ್ಲೇನು?"

"ಗುಡಿಗೆ ಯಾರೂ ಪಾನಾ ಹಾಕಿ ಜಗ್ಗಂಗಿಲ್ರಿ. ನೀವು ಬೋಲ್ಟ್ ಬಿಚ್ಚಾಕ ಮೈಭಾರ ಹಾಕಿ ಜಗ್ತೀರಿ. ಗಾಡಿ ಅಲುಗಾಡ್ತದ. ಗ್ವಾಡಿ ಕಲ್ಲಿನ ಮ್ಯಾಲ ಸಪಾಟಾಗಿ ಕೂಡ್ತದ. ಗಾಡಿ ಭಾರ ಎಲ್ಲ ಅಕಾ ನೋಡ್ರಿ, ತಳದ ಆ ಕಬ್ಬಿಣದ ಅಂಚಿನ ಮ್ಯಾಲ ಅದ, ಒಂದ ಗೆರಿ ಮ್ಯಾಲ."

"ಪುಸ್ತಕದ ಮಾತು ಬಿಡ್ರಿ ಅಕ್ಕೋರ. ಕಲ್ಲಿನ ಗುಣ ನನಗ ಹೇಳ್ತೀರೇನು?"

ಹುಸೇನಬಿ ಅಷ್ಟು ಹೊತ್ತು ಆ ಅಂಚನ್ನೇ ನೋಡುತ್ತಿದ್ದಳು. ಕಬ್ಬಿಣದ ತೆಳ್ಳನೆಯ ಅಂಚು ಒದ್ದೆ ಕಲ್ಲಿನ ನಡುವೆ ಕೂತಿತ್ತು. ಅದನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು. ಗಂಡನಿಗೆ ಬುತ್ತಿ ಒಯ್ದಾಗ, ಕೆಲಸದ ಜಾಗದಲ್ಲಿ. ಅವಳು ನಿದ್ದೆಯಲ್ಲಿ ಮಾತಾಡುವವಳಂತೆ ಮೆಲ್ಲಗೆ ಕೇಳಿದಳು:

"ಏನ್ರಿ, ಒಂದು ಕಲ್ಲು ಎರಡು ಮಾಡಬೇಕಾದ್ರ ನೀವು ಹೆಂಗ ಮಾಡ್ತೀರಿ?"

"ಅದೇನು ದೊಡ್ಡ ಕೆಲಸ? ನಡುವ ಗೆರಿ ಹಾಕಿ, ಗೆರಿ ಮ್ಯಾಲ ಕೊಡಲಿ ಬಾಯಿ ಇಟ್ಟು, ಮ್ಯಾಲಿಂದ ಒಂದು ಪೆಟ್ಟು..."

ಅವನೂ ಈಗ ಆ ಅಂಚನ್ನು ನೋಡಿದ.

"ಮಳಿಯಾಗ ನೆನದ ಕಲ್ಲು ಇನ್ನೂ ಲಗೂ ಒಡೀತೈತಿ ಅಂತ ನೀವ ಹೇಳ್ತಿದ್ರಿ" ಎಂದಳು ಹುಸೇನಬಿ.

ರಾಜೇಸಾಬ ಗೋಣಿಚೀಲದಿಂದ ಹಿಂದಕ್ಕೆ ಸರಿದು ಎದ್ದ. ಜಾಕ್ ತಂದು, ಬದಿಯಲ್ಲೇ ಕೂತು, ಮೆಲ್ಲಗೆ ಗಾಡಿಯನ್ನು ಬೆರಳಷ್ಟು ಮೇಲೆತ್ತಿದ. ಉದ್ದನೆಯ ಕೋಲಿನಿಂದ ಮೇಲಿನ ಕಲ್ಲನ್ನು ಹೊರಗೆ ಎಳೆದ. ಕಲ್ಲು ಇಡಿಯಾಗಿ ಬರಲಿಲ್ಲ. ಅರ್ಧ ಉರುಳಿ ಅವನ ಕಾಲ ಬಳಿ ಬಿತ್ತು, ಅರ್ಧ ಅಲ್ಲೇ ಉಳಿಯಿತು. ಒಳಮೈ ಒದ್ದೆಯಾಗಿ, ಕೆಂಪಗೆ, ಆಗಷ್ಟೇ ಕೊಯ್ದ ಕಲ್ಲಂಗಡಿಯಂತೆ ಹೊಳೆಯುತ್ತಿತ್ತು.

ಅದು ಅಷ್ಟು ಹೊತ್ತು ಎರಡಾಗಿಯೇ ನಿಂತಿತ್ತು.

ಹೊಳೆಯಲ್ಲಿ ಯಾವುದೋ ಅದಿರಿನ ಬಾರ್ಜ್ ದೋಣಿ ದೂರದಿಂದ ಕೂಗಿತು. ರಾಜೇಸಾಬ ಕಲ್ಲಿನ ಅರ್ಧವನ್ನು ಕೈಗೆತ್ತಿಕೊಂಡು ಮೆಟ್ಟಿಲ ಮೇಲೆ ಕೂತ.

"ಹುಸೇನಾ, ಒಂಚೂರು ನೀರು ಕೊಡು" ಎಂದ.

ಶ್ರೀರಂಜನಿ ಸುನಿಲನಿಗೆ ಫೋನ್ ಮಾಡಿದಳು. ಅವನು ಸ್ಕೂಟರಿಗೆ ಎರಡು ಕಬ್ಬಿಣದ ಸ್ಟ್ಯಾಂಡ್ ಕಟ್ಟಿಕೊಂಡು ಬಂದ. ಒಡೆದ ಕಲ್ಲು ನೋಡಿ, "ಅರೇ ದೇವಾ! ಮೇಸ್ತ್ರಿ, ನಿಮ್ಮ ಗೋರಿ ನೀವ ಕಟ್ಕೊಳ್ಳಾಕತ್ತಿದ್ರೇನು?" ಎಂದ.

"ಬಾಯಿ ಮುಚ್ಚಿ ಚಹಾ ಕುಡಿಯೋ" ಎಂದ ರಾಜೇಸಾಬ. ಆದರೆ ಸ್ಟ್ಯಾಂಡ್‌ಗಳನ್ನು ತಾನೇ ಎರಡೂ ಕೈಯಿಂದ ಇಳಿಸಿಕೊಂಡ. ಎರಡೂ ಬದಿಯ ಕಲ್ಲು ತೆಗೆದು, ಅಂಗಳದ ಸಪಾಟು ಕಾಂಕ್ರೀಟಿನ ಮೇಲೆ, ಗಾಡಿಯಡಿ ಗಟ್ಟಿ ಜಾಗ ನೋಡಿ ಇಟ್ಟರು. ಕೈಬ್ರೇಕ್ ಎಳೆದರು. ಹಿಂದಿನ ಚಕ್ರಗಳ ಹಿಂದೂ ಮುಂದೂ ಅಡ್ಡ ಕೊಡಲು ಏನು ಎಂದಾಗ ಶ್ರೀರಂಜನಿ ನಕ್ಕಳು. "ಈಗ ತರ್ರಿ ನಿಮ್ಮ ಚಿರೇಕಲ್ಲು. ಅಡ್ಡ ಕೂಡಾಕ ಅದು ಚಲೋ."

ಎಲ್ಲ ಮುಗಿದ ಮೇಲೆ ಗಾಡಿಯನ್ನು ಕೈಯಿಂದ ಒಮ್ಮೆ ತಳ್ಳಿ ನೋಡಿದರು. ಅಲುಗಲಿಲ್ಲ. ಆಮೇಲೆಯೇ ಕೆಲಸ.

ಹಳೆಯ ಕ್ಯಾಲಿಪರ್ ಬಿಚ್ಚಿದಾಗ ರಾಜೇಸಾಬ ಅದನ್ನು ರಬ್ಬರ್ ಪೈಪಿನ ಮೇಲೆಯೇ ಜೋತು ಬಿಡಲು ಹೋದ. ಭಾರಕ್ಕೆ ಪೈಪ್ ಒಳಗೊಳಗೇ ಹರಿದುಹೋಗುತ್ತದೆ, ಹೊರಗೆ ಕಾಣುವುದಿಲ್ಲ ಎಂದು ಶ್ರೀರಂಜನಿ ತಂತಿಯಿಂದ ಕಟ್ಟಿಸಿದಳು. ಹೊಸದನ್ನು ಅವನು ಜೋಡಿಸಲು ಎತ್ತಿದಾಗ ಅವಳು ಕೇಳಿದಳು, "ಅಣ್ಣ, ನೀರಾಗ ಗಾಳಿ ಯಾವ ಕಡೆ ಹೋಗ್ತದ?"

"ಮ್ಯಾಲಕ್ಕ."

"ಗಾಳಿ ಬಿಡೂ ಸ್ಕ್ರೂ ನಿಮ್ಮ ಕೈಯಾಗ ಯಾವ ಕಡೆ ಅದ?"

ರಾಜೇಸಾಬ ನೋಡಿದ. ಸ್ಕ್ರೂ ಕೆಳಗಿತ್ತು. ಎಡಗಡೆಯದನ್ನು ಬಲಕ್ಕೆ ಹಾಕಲು ಹೊರಟಿದ್ದ. ಎರಡನ್ನೂ ಅದಲು ಬದಲು ಮಾಡಿಕೊಂಡ. ಮನೆಯಲ್ಲಿದ್ದ ಅರ್ಧ ಬಾಟಲಿ ಬ್ರೇಕ್ ಎಣ್ಣೆಯನ್ನು ಸುನಿಲನೇ ಬದಿಗಿಟ್ಟ. "ಈ ಎಣ್ಣಿ ಹವಾದಾಗಿನ ನೀರು ಕುಡೀತೈತಿ. ಗೋವಾದ ಹವಾ ಅಂದ್ರ ಅರ್ಧ ನೀರ! ಘಾಟಿನಾಗ ಕಾದು ಕುದೀತೈತಿ, ಬ್ರೇಕ್ ಮೆತ್ತಗ ಆಕ್ಕೈತಿ." ಗಾಡಿಯ ಬ್ರೇಕ್ ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ ಬರೆದ ನಂಬರಿನದೇ ಹೊಸ ಬಾಟಲಿ ತೆರೆದರು.

ಕೊನೆಯ ಕೆಲಸ ಹುಸೇನಬಿಯ ಪಾಲಿಗೆ ಬಂತು. ಒಳಗೆ ಹೊಕ್ಕ ಗಾಳಿಯನ್ನು ಹೊರಗೆ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಅವಳು ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ಮೇಲೆ ಕಾಲಿಟ್ಟಳು. ಕನಸಿನಲ್ಲಿ ಆದಂತೆಯೇ ಕಾಲು ಕೆಳಗೆ ಹೋಯಿತು, ಕೆಸರಿನಲ್ಲಿ ಇಟ್ಟಂತೆ.

"ತಳಾನ ಇಲ್ರಿ ಇದಕ್ಕ!"

"ಅಂಜಬ್ಯಾಡ್ರಿ ಅಕ್ಕ, ಬರ್ತದ" ಎಂದಳು ಶ್ರೀರಂಜನಿ. "ಅವರು ಹೇಳಿದಂಗ ಒತ್ರಿ."

"ಒತ್ತು" ಎಂದ ರಾಜೇಸಾಬ ಚಕ್ರದ ಬಳಿಯಿಂದ. ಅವಳು ಒತ್ತಿದಳು. ಅವನು ಸ್ಕ್ರೂ ತುಸು ಬಿಚ್ಚಿದ. "ಹಿಡಿದಿರು." ಸ್ಕ್ರೂ ಬಿಗಿದ. "ಈಗ ಬಿಡು." ಸುನಿಲ ಮೇಲಿನ ಡಬ್ಬಿ ಬರಿದಾಗದಂತೆ ಎಣ್ಣೆ ಹಾಕುತ್ತಿದ್ದ.

ಒತ್ತು. ಹಿಡಿದಿರು. ಬಿಡು. ಮಗಳನ್ನು ತೊಟ್ಟಿಲಲ್ಲಿ ತೂಗುತ್ತಿದ್ದ ಲಯ ಅದು. ಶ್ರೀರಂಜನಿ ಸ್ಕ್ರೂಗೆ ಸಿಕ್ಕಿಸಿ, ಅವಳಿಗೆ ಕಾಣುವಂತೆ ಎತ್ತಿ ಹಿಡಿದ ಪಾರದರ್ಶಕ ನಳಿಕೆಯಲ್ಲಿ ಗುಳ್ಳೆಗಳು ಸಾಲಾಗಿ ಬರತೊಡಗಿದವು. ಇಳಿತದ ಹೊತ್ತು ಜುವಾರಿಯ ಕೆಸರಲ್ಲಿ ಏಡಿಗಳು ಬಿಡುವ ಗುಳ್ಳೆಗಳ ಹಾಗೆ, ಒಂದರ ಹಿಂದೆ ಒಂದು. ಬರುಬರುತ್ತ ಸಣ್ಣವಾದವು, ವಿರಳವಾದವು. ಆಮೇಲೆ ಬರೀ ತಿಳಿ ಹಳದಿ ಎಣ್ಣೆ. ಇನ್ನೊಂದು ಚಕ್ರಕ್ಕೂ ಹಾಗೆಯೇ ಮಾಡಿದರು. ಒತ್ತಿದ ಕಾಲಿನ ಕೆಳಗೆ ಏನೋ ಮೆಲ್ಲಗೆ ಗಟ್ಟಿಯಾಯಿತು. ಹೊಳೆಯಲ್ಲಿ ನಡೆಯುವವಳಿಗೆ ನೆಲ ಸಿಕ್ಕಂತೆ.

"ಸಿಕ್ತರಿ" ಎಂದಳು ಹುಸೇನಬಿ. ಕಣ್ಣು ಒದ್ದೆಯಾಗಿದ್ದು ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ.

ಚಕ್ರ ಹಾಕಿ, ಗಾಡಿ ಕೆಳಗಿಳಿಸಿದ ಕೂಡಲೇ ರಾಜೇಸಾಬ ಕೀಲಿ ತೆಗೆದುಕೊಂಡ. "ನಡೀರಿ, ಬೆಳಗಾವಿ!"

"ಮೊದಲು ನಿಂತಲ್ಲೇ ಪೆಡಲ್ ಒತ್ತಿ ನೋಡ್ರಿ. ಗಟ್ಟಿ ಇದ್ರ ಓಣಿಯಾಗ ಮೆಲ್ಲಕ. ಆಮ್ಯಾಲ ಸುನಿಲನ ಗ್ಯಾರೇಜಿನಾಗ ಅಂವ ಒಂದು ಸಲ ಎಲ್ಲಾ ಬೋಲ್ಟ್ ಮುಟ್ಟಿ ನೋಡ್ಲಿ. ಬ್ರೇಕಿಗೆ ಇನ್ನೊಬ್ಬರ ಕಣ್ಣು ಬೇಕ್ರಿ ಅಣ್ಣ. ಹೊಸ ಪ್ಯಾಡು ತಟ್ಟೆಗೆ ಹೊಂದಾಕೂ ನಾಕು ದಿನ ಊರಾಗ ಓಡಬೇಕು."

"ಹೌದ್ರಿ ಅಕ್ಕೋರ" ಎಂದ ರಾಜೇಸಾಬ. ಮರುಮಾತಿಲ್ಲದೆ ಅವನು ಒಪ್ಪಿದ್ದನ್ನು ಕಂಡು ಹುಸೇನಬಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ಮುಂದಿನ ಭಾನುವಾರ ಘಾಟಿನಲ್ಲಿ ಕನಸಿನದೇ ಮಂಜು ಇತ್ತು. ರಾಜೇಸಾಬ ಸಣ್ಣ ಗೇರಿನಲ್ಲಿ, ಬಸುರಿ ಹಸುವನ್ನು ಹೊಡೆದುಕೊಂಡು ಬರುವವನಂತೆ ಇಳಿಸುತ್ತಿದ್ದ. ತಿರುವು ಬಂದಾಗ ಗಾಡಿ ಹೇಳಿದ ಮಾತು ಕೇಳುತ್ತಿತ್ತು. ಸುಟ್ಟ ವಾಸನೆ ಇರಲಿಲ್ಲ. ಒದ್ದೆ ಎಲೆಗಳ ವಾಸನೆ ಮಾತ್ರ.

"ಅಮ್ಮಾ, ನೀ ಯಾಕ ಕಾಲು ಒತ್ತಾಕತ್ತಿ? ಅಲ್ಲಿ ಪೆಡಲ್ಲೇ ಇಲ್ಲಲ್ಲ" ಎಂದು ಹಿಂದಿನ ಸೀಟಿನಿಂದ ಕೈನಾತ ನಕ್ಕಳು.

"ನಾನೂ ಬ್ರೇಕ್ ಹಾಕಾಕತ್ತೀನಿ ಸುಮ್ನಿರು" ಎಂದಳು ಹುಸೇನಬಿ. ಒತ್ತಿದ ಕಾಲಿಗೆ ಪ್ರತಿ ಸಲವೂ ತಳ ಸಿಗುತ್ತಿತ್ತು.

ಆ ಕಲ್ಲಿನ ಎರಡು ಅರ್ಧಗಳು ಈಗಲೂ ಅವರ ಅಂಗಳದ ನಳದ ಎರಡು ಬದಿಗಿವೆ. ಗಾಡಿ ರಿಪೇರಿಯ ಮಾತು ಎತ್ತಿದವರಿಗೆಲ್ಲ ರಾಜೇಸಾಬ ಅವನ್ನು ಜೋಡಿಸಿ ತೋರಿಸುತ್ತಾನೆ. ಜೋಡಿಸಿದರೆ ಗೆರೆಯೇ ಕಾಣುವುದಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಅಂಗಳದಲ್ಲೂ ಅಂಥ ಕಲ್ಲು ಬಿದ್ದಿರಬಹುದು. ಅದರ ಮೇಲೆ ಗೋಡೆ ಕಟ್ಟಿರಿ, ಗಾಡಿ ನಿಲ್ಲಿಸಬೇಡಿರಿ. ಬರೀ ಜಾಕ್ ನಂಬಿ ಗಾಡಿಯಡಿ ಹೋಗಬೇಡಿರಿ. ಕಬ್ಬಿಣದ ಸ್ಟ್ಯಾಂಡ್ ಇಲ್ಲವಾದರೆ ಗ್ಯಾರೇಜಿನಲ್ಲಿ ಕೇಳಿ ತನ್ನಿರಿ, ಸಿಗದಿದ್ದರೆ ಆ ದಿನ ಕೆಲಸ ಬಿಡಿರಿ. ಬ್ರೇಕಿನ ಸಾಮಾನು ನಿಮ್ಮ ಗಾಡಿಗೆ ಹೊಂದುತ್ತದೋ ಇಲ್ಲವೋ ತಿಳಿದವರಿಂದ ಖಾತ್ರಿ ಮಾಡಿಕೊಳ್ಳಿರಿ. ಕೆಲಸ ಬಾರದಿದ್ದರೆ ಮೆಕ್ಯಾನಿಕನಿಗೇ ಬಿಡಿರಿ. ಪೆಡಲ್ ಮೆತ್ತಗಿದ್ದರೆ ಗಾಡಿ ಗೇಟು ದಾಟಬಾರದು. ಮತ್ತು ಮನೆಯವರು ಗಾಡಿಯಡಿ ಸರಿಯುವುದನ್ನು ಕಂಡರೆ, ಕೈಯಲ್ಲಿನ ಕೆಲಸ ಬಿಟ್ಟು ಒಂದು ಗಳಿಗೆ ಬಗ್ಗಿ ನೋಡಿರಿ: ಗಾಡಿ ಯಾವುದರ ಮೇಲೆ ನಿಂತಿದೆ?