ಪರದೆಯ ಮೇಲಿನ ಚಂದ್ರ

ವಯನಾಡಿನ ಬಾವಲಿ ಊರು ದಾಟಿ ಕಾರನ್ನು ಚೇಕಾಡಿಯ ಕಾಡುದಾರಿಗೆ ಹೊರಳಿಸಿದಾಗ, ಪಕ್ಕದಲ್ಲಿ ಕೂತಿದ್ದ ಅತ್ತೆ ಜಯಮ್ಮನ ಕೈ ನಡುಗುತ್ತಿರುವುದು ಸ್ನೇಹಾಳ ಕಣ್ಣಿಗೆ ಬಿತ್ತು. ಮಾನಂತವಾಡಿಯ ಡಾಕ್ಟರರಿಗಾಗಿ ಕಾದು ಕಾದು ತಡವಾಗಿತ್ತು. ಮಧ್ಯಾಹ್ನ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದ ಜಯಮ್ಮ ಊಟವನ್ನು ಅರ್ಧಕ್ಕೇ ಬಿಟ್ಟಿದ್ದರು. ಈಗ ಹಣೆಯ ಮೇಲೆ ಬೆವರು.

“ಅತ್ತೆ, ಸಕ್ಕರೆ ಇಳೀತಿದೆ. ಚೀಲದಲ್ಲಿ ಬಾಳೆಹಣ್ಣಿದೆ, ತಿನ್ನಿ.”

ಜಯಮ್ಮ ಹಣ್ಣು ಸುಲಿದರು. ಅಷ್ಟರಲ್ಲಿ ಮರಗಳ ದಟ್ಟ ನೆರಳು ಕವಿಯಿತು. ಹೊಸ ಕಾರಿನ ದೀಪಗಳು ತಾವಾಗಿಯೇ ಹೊತ್ತಿಕೊಂಡವು. ಎದುರಿನ ಅಗಲವಾದ ಪರದೆ ಬಿಳಿಯಿಂದ ಕಡುನೀಲಿಗೆ ತಿರುಗಿ, ಅದರ ಮೂಲೆಯಲ್ಲೊಂದು ಚಂದ್ರ ಮೂಡಿದ. ಜಯಮ್ಮ ಹಣ್ಣನ್ನು ಮಡಿಲಿಗಿಳಿಸಿದರು.

“ಬೇಡ ಮೋಳೇ. ಹೊತ್ತು ಮುಳುಗಿತು.” ಸೊಸೆಯನ್ನು ಅವರು ಮಲಯಾಳದಲ್ಲೇ ‘ಮಗಳೇ’ ಎಂದು ಕರೆಯುತ್ತಿದ್ದುದು.

ಬುದ್ಧಿ ಬಂದಾಗಿನಿಂದ ಸೂರ್ಯಾಸ್ತದ ನಂತರ ಆ ಜೈನ ಮುದುಕಿ ಒಂದು ತುತ್ತು ತಿಂದವರಲ್ಲ.

“ಆರೂ ಆಗಿಲ್ಲ ಅತ್ತೆ!”

“ಗಂಟೆ ನೋಡಿ ತಿನ್ನೋದಲ್ಲ, ಸೂರ್ಯನ್ನ ನೋಡಿ. ಈ ಕಾರಿಗೆ ಆಕಾಶದಿಂದ ಎಲ್ಲಾ ತಿಳೀತದೆ ಅಂತ ಅಜಿತನೇ ಹೇಳಿದ್ನಲ್ಲ.”

ಗಂಡನ ಜಂಬ ಈಗ ಇಲ್ಲಿಗೆ ತಂದು ನಿಲ್ಲಿಸಿತ್ತು. ರಸ್ತೆಯಲ್ಲಿ ಆನೆಯ ಹಸಿ ಲದ್ದಿ, ಕಾರು ನಿಲ್ಲಿಸುವಂತಿಲ್ಲ. ಚಂದ್ರನನ್ನು ಅಳಿಸಲು ಸ್ನೇಹಾ ಪರದೆ ಒತ್ತಿದಳು. ಒಂದು ಪಟ್ಟಿ, ಅದರೊಳಗೆ ಇನ್ನೊಂದು ಪಟ್ಟಿ. ಗಾಜು ಎಲ್ಲ ಕಡೆಯೂ ಒಂದೇ ನುಣುಪು. ಬೆರಳಿಗೆ ಯಾವ ಗುರುತೂ ಸಿಗದು. ಕಣ್ಣು ಅತ್ತ ಹೋದದ್ದೇ, ಎಡಗಾಲಿ ಡಾಂಬರಿನಿಂದ ಜಾರಿ ಕೆಸರಿಗಿಳಿಯಿತು.

“ದಾರಿ ನೋಡೇ!” ಎಂದರು ಜಯಮ್ಮ. ದನಿಯಲ್ಲಿ ಬಲವಿರಲಿಲ್ಲ.

ಸ್ನೇಹಾ ಕಾರನ್ನು ರಸ್ತೆಗೆ ತಂದಳು. ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವಳಿಗೆ ಆಗ ಹೊಳೆಯಿತು: ದೀಪವೂ ಚಂದ್ರನೂ ಒಟ್ಟಿಗೇ ಬಂದದ್ದು. ದಾರಿಯಿಂದ ಕಣ್ಣು ಕೀಳದೆ, ಸ್ಟೀರಿಂಗ್ ಪಕ್ಕದ ದೀಪದ ಕೋಲನ್ನು ತಡವಿ ಅದರ ತುದಿ ತಿರುಗಿಸಿದಳು. ದೀಪ ಆರಿತು. ಪರದೆ ಬೆಳ್ಳಗಾಯಿತು.

“ನೋಡ್ತಿರಿ ಅತ್ತೆ.” ಮತ್ತೆ ತಿರುಗಿಸಿದಳು, ಚಂದ್ರ ಬಂದ. ಇನ್ನೊಮ್ಮೆ, ಹೋದ.

ಜಯಮ್ಮನ ಬಾಡಿದ ಮುಖದಲ್ಲೂ ನಗು ಬಂತು. “ಅಯ್ಯೋ, ಹಗಲೂ ರಾತ್ರಿಯೂ ನಿನ್ನ ಕೈಲೇ ಇದೆಯಲ್ಲೇ!”

“ಇದಕ್ಕೆ ದೀಪ ಗೊತ್ತು, ಸೂರ್ಯ ಗೊತ್ತಿಲ್ಲ. ನೀವೇ ಹೊರಗೆ ನೋಡಿ.”

ಜಯಮ್ಮ ಬಗ್ಗಿ ಮೇಲೆ ನೋಡಿದರು. ಮರಗಳ ನೆತ್ತಿಯ ಎಲೆಗಳಲ್ಲಿ ಇನ್ನೂ ಹೊಂಬಿಸಿಲಿತ್ತು. ಮಡಿಲಿನ ಹಣ್ಣನ್ನು ತಿಂದು ಮುಗಿಸಿ ಇನ್ನೊಂದರ ಸಿಪ್ಪೆ ಬಿಚ್ಚಿದರು.

ಕಾಡು ಮುಗಿದು ಚೇಕಾಡಿಯ ಗದ್ದೆಗಳು ತೆರೆದುಕೊಂಡಾಗ ಸೂರ್ಯ ಬೆಟ್ಟದ ಮೇಲೆ ಒಂದು ಗೇಣು ಉಳಿದಿದ್ದ. ಸ್ನೇಹಾ ಬದಿಗೆ ನಿಲ್ಲಿಸಿದಳು. ಅತ್ತೆಯ ಕೈ ಹಿಡಿದು ನೋಡಿದಳು, ನಡುಕ ತಗ್ಗಿತ್ತು. ಎಲ್ಲವನ್ನೂ ಗಾಜಿನೊಳಗೆ ತುಂಬುವಾಗ ಆ ಒಂದು ಕೋಲನ್ನು ಕೈಗೆ ಬಿಟ್ಟುಕೊಟ್ಟ, ಕಾರು ರೂಪಿಸಿದ ಹೆಸರು ಗೊತ್ತಿಲ್ಲದ ಪುಣ್ಯಾತ್ಮನನ್ನು ನೆನೆದು ಅವಳ ಕಣ್ಣು ತುಂಬಿತು.

ಜಯಮ್ಮ ಸೂರ್ಯನತ್ತ ಕೈಮುಗಿದು, ಕೊನೆಯ ಹಣ್ಣನ್ನು ಸೊಸೆಯ ಮುಂದೆ ಹಿಡಿದರು.

“ನೀನೂ ತಿನ್ನು ಮೋಳೇ. ಹೊತ್ತಿದೆ.”